ತಾನಾಗೇ ಬೆಳಕಿಗೆ ಬರುತ್ತಾ?

ನಮ್ಮ ಕ್ಲಬ್‌ನಲ್ಲಿ ಮುಕ್ಕಾಲು ಪಾಲು ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡ ಪೇಪರ್ ಅಂದ್ರೆ ನಮಗೆ ಸಿನಿಮಾ ಪುಟ, ಕ್ರಿಕೆಟ್ ಪುಟ ಅಷ್ಟೇ. ರಾಜ್ಯೋತ್ಸವದ ಗೋಡೆ ಪತ್ರಿಕೆಗೆ ಅಂತ ಗೆಳೆಯನೊಬ್ಬ ತನ್ನ ತಾತ ಕೂಡಿಟ್ಟಿದ್ದ ಹಳೇ ಪೇಪರ್ ಕಟಿಂಗ್‌ಗಳ ಕಟ್ಟು ತಂದಾಗ, ನಾವು ಸುದ್ದಿಗಿಂತ ಹೆಚ್ಚಾಗಿ ಭಾಷೆಯನ್ನೇ ನೋಡ್ತಾ ಕೂತ್ವಿ. ಎರಡು ಮಾತು ಪದೇ ಪದೇ ಸಿಕ್ಕವು. ಒಂದು "ದೀಪ ಬೆಳಗಿಸಿದರು", ಇನ್ನೊಂದು "ಬೆಳಕಿಗೆ ಬಂದಿದೆ".

ಎರಡೂ ಬೆಳಕಿನ ಮಾತುಗಳೇ, ಆದರೆ ನಡವಳಿಕೆ ಬೇರೆ ಬೇರೆ. "ಬೆಳಗಿಸಿದರು" ಅನ್ನೋ ಕಡೆ ಕರ್ತೃ ಇದ್ದೇ ಇರ್ತಾರೆ. ಹೆಸರು, ಹುದ್ದೆ, ವೇದಿಕೆ ಮೇಲೆ ನಿಂತವರ ಪಟ್ಟಿ ಎಲ್ಲ ಬರುತ್ತೆ. ಬತ್ತಿ ಹಚ್ಚಿದ್ದಕ್ಕೆ ಅರ್ಧ ಪ್ಯಾರಾ! ಆದರೆ ಕಳಪೆ ಕಾಮಗಾರಿ, ಹಣ ದುರುಪಯೋಗ, ಜೀತ, ಇವೆಲ್ಲ "ಬೆಳಕಿಗೆ ಬಂದಿದೆ". ಅದೂ ಎಷ್ಟೋ ಸಲ "ತಡವಾಗಿ". ತಾವೇ ಎದ್ದು ನಡ್ಕೊಂಡು ಬಂದ ಹಾಗೆ. ಯಾರು ತಂದ್ರು? ಯಾಕೆ ತಡ ಆಯ್ತು? ಅಲ್ಲಿವರೆಗೆ ಕತ್ತಲಲ್ಲಿ ಇಟ್ಟವರು ಯಾರು? ಆ ವಾಕ್ಯದಲ್ಲಿ ಇದಕ್ಕೆಲ್ಲ ಜಾಗಾನೇ ಇಲ್ಲ.

ಇದು ಬರೀ ವ್ಯಾಕರಣದ ತಕರಾರಲ್ಲ. ಕೋಲಾರದ ಚಿನ್ನದ ಗಣಿಯನ್ನೇ ತಗೊಳ್ಳಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಅಲ್ಲಿಗೆ ಕರೆಂಟ್ ಕೊಟ್ರು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಆ ವಿದ್ಯುತ್ ತಂದವರು ಯಾರು ಅಂತ ಕೇಳಿದ್ರೆ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಲಾಟ್‌ಬಿನಿಯರ್ ಅಂತ ಹೆಸರು ಸಿಗುತ್ತೆ. ಸಿಗಲೇಬೇಕು.

ಅದೇ ಊರಿನಲ್ಲಿ, ಕರೆಂಟ್ ಬಂದು 80 ವರ್ಷ ಕಳೆದ ಮೇಲೂ ಒಣ ಶೌಚಾಲಯಗಳಿದ್ದವು. ಮನುಷ್ಯರ ಮಲವನ್ನು ಮನುಷ್ಯರೇ ಎತ್ತುತ್ತಿದ್ದರು. "ಮಲ ಹೊರುವ ಪದ್ಧತಿ ಬೆಳಕಿಗೆ ಬಂದಿದೆ" ಅಂತ ಬರೆದುಬಿಡೋದು ಸುಲಭ. ಆದರೆ ಅದಾಗಿ ಅದೇ ಬರಲಿಲ್ಲ. ಅಲ್ಲೇ ಹುಟ್ಟಿದ, ಅದೇ ಕೆಲಸ ಮಾಡೋ ಮನೆಯಿಂದ ಬಂದ ಬೆಜವಾಡ ವಿಲ್ಸನ್ 80ರ ದಶಕದಿಂದ ಪತ್ರದ ಮೇಲೆ ಪತ್ರ ಬರೆದು ಅದನ್ನು ಬೆಳಕಿಗೆ ತಂದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. "ಬಂದಿದೆ" ಮತ್ತು "ತಂದರು" ನಡುವೆ ಒಂದು ಇಡೀ ಜೀವನ ಇದೆ.

ಬೇರೆಯವರಿಗೆ ಬುದ್ಧಿ ಹೇಳೋ ಮುಂಚೆ ನಮ್ಮ ತಪ್ಪನ್ನೂ ಒಪ್ಕೊಳ್ತೀವಿ. ಹೋದ ಸೆಮಿಸ್ಟರ್ ಇದೇ ಪತ್ರಿಕೆಯಲ್ಲಿ "ಹಾಸ್ಟೆಲ್ ನೀರಿನ ಟ್ಯಾಂಕ್ ತಿಂಗಳುಗಟ್ಟಲೆ ತೊಳೆಯದಿರುವುದು ಬೆಳಕಿಗೆ ಬಂದಿದೆ" ಅಂತ ಬರೆದಿದ್ವಿ. ಪೇಪರ್‌ನವರ ಥರ ಕಾಣುತ್ತೆ ಅಂತ ನಮಗೆ ಹೆಮ್ಮೆ ಬೇರೆ. ಮೆಸ್‌ನಲ್ಲಿ ಪಾತ್ರೆ ಬೆಳಗೋ ಅಕ್ಕಂದಿರಲ್ಲಿ ಒಬ್ಬರು ಅದನ್ನ ಓದಿಸ್ಕೊಂಡು ಕೇಳಿದ್ರು: "ಏನ್ರಪ್ಪಾ, ಅದೇನ್ ತಾನೇ ಎದ್ದು ಬಂತಾ? ಮೂರ್ ಸಲ ಹೋಗಿ ವಾರ್ಡನ್ ಸಾರ್‌ಗೆ ಹೇಳಿದ್ದು ನಾನಲ್ವಾ?" ನಮ್ಮ ಹತ್ರ ಉತ್ತರ ಇರಲಿಲ್ಲ. ಅಂದಹಾಗೆ, ಬೆಳಗೋದು ಅಂದ್ರೆ ತಿಕ್ಕಿ ತೊಳೆಯೋದು ಅಂತಲೂ ಅರ್ಥ ಇದೆ ಅಂತ ನಮ್ಮಲ್ಲಿ ಹಲವರಿಗೆ ಗೊತ್ತಾಗಿದ್ದೂ ಅವರಿಂದಲೇ.

ಇದಕ್ಕೆ ಎದುರು ವಾದ ಇದೆ. ಹೆಸರು ಹಾಕಿದ್ರೆ ಹೇಳಿದವರ ಕೆಲಸಕ್ಕೇ ಸಂಚಕಾರ ಬರಬಹುದು. ಎಷ್ಟೋ ವರದಿಗಾರರು ಸುದ್ದಿ ಕೊಟ್ಟವರನ್ನ ಕಾಪಾಡೋಕೆ ಅಂತಲೇ "ಬೆಳಕಿಗೆ ಬಂದಿದೆ" ಅಂತ ಬರೆದಿರಬಹುದು. ಅದು ಸರಿಯೇ. ಆದರೆ ಹೆಸರನ್ನು ಮುಚ್ಚೋದು ಬೇರೆ, ಮನುಷ್ಯರನ್ನೇ ಅಳಿಸೋದು ಬೇರೆ. ಒಬ್ಬರು ಹೇಳಿದ್ರು, ಇನ್ಯಾರೋ ಕೇಳಿಸ್ಕೊಳ್ಳಲಿಲ್ಲ ಅನ್ನೋದನ್ನ ಹೆಸರಿಲ್ಲದೆಯೂ ಬರೆಯಬಹುದು.

ಅಕ್ಕನ್ನೇ ಕೇಳಿದ್ವಿ. "ಹೆಸರು ಬ್ಯಾಡ, ಹೇಳಿದ್ದು ಹಾಕಿ ಸಾಕು" ಅಂದ್ರು. ಹಾಗಾಗಿ ಆ ಹಳೇ ಸುದ್ದಿಯ ಮೊದಲ ಸಾಲನ್ನು ಹೀಗೆ ತಿದ್ದಿದ್ದೇವೆ: ಹಾಸ್ಟೆಲ್ ನೀರಿನ ಟ್ಯಾಂಕ್ ತಿಂಗಳುಗಟ್ಟಲೆ ತೊಳೆಯದಿರುವುದನ್ನು ಮೆಸ್ ಕೆಲಸಗಾರರೊಬ್ಬರು ಮೂರು ಸಲ ದೂರು ಹೇಳಿ ಬೆಳಕಿಗೆ ತಂದರು.