ಕಡಲ ದಂಡೆ ಅವರ ಕಣ

ದಸರಾ ರಜೆ, ಸಂಕ್ರಾಂತಿ ರಜೆ ಬಂತು ಅಂದ್ರೆ ನಮ್ಮ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯಿಂದ ಟೆಂಪೋ ಗಾಡಿಗಳು ಪಡುವಣಕ್ಕೆ ಹೊರಡ್ತವೆ. ಹಿಂದೂಪುರದಲ್ಲಿ ಸಂಜೆ ಹೊರಟರೆ ಮಧುಗಿರಿ, ತುಮಕೂರು, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು, ಬೆಳಗಾಗುವ ಹೊತ್ತಿಗೆ ಹೊನ್ನಾವರ. ನಾನೂರು ಕಿಲೋಮೀಟರಿಗೂ ಮೇಲಿನ ದಾರಿ. ಆಮೇಲೆ ಎರಡೇ ದಿನದಲ್ಲಿ ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಯಾಣ, ಗೋಕರ್ಣ, ಓಂ ಬೀಚು. ತಿರುಗಾ ರಾತ್ರಿ ಗಾಡಿ. ಮನೆಗೆ ಬಂದು "ಸಂಸಾರ ಸಮೇತ ಪ್ರಕೃತಿ ನೋಡ್ಕೊಂಡು ಬಂದ್ವಿ" ಅಂತಾರೆ. ನೋಡಲಿಲ್ಲ ಕಣ್ರಪ್ಪಾ, ತುಳಿದು ಬಂದ್ರಿ. ಇದನ್ನ ನೇರವಾಗಿ ಹೇಳೋಕೇ ಈ ಬರಹ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಊರಲ್ಲಿ ಕೆಲವು ಹಿರಿಯರು "ಕಡಲೆಕಾಯಿ ಮಾರಿದ ದುಡ್ಡು ಕಡಲಿಗೆ ಸುರಿದು ಬರ್ತಾರೆ" ಅಂತ ಆಡಿಕೊಳ್ತಾರೆ. ಅದು ತಪ್ಪು. ದೇಶ ಸುತ್ತು, ಇಲ್ಲಾ ಕೋಶ ಓದು ಅಂದ ಹಿರಿಯರೂ ನಮ್ಮವರೇ. ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಅದೂ ಬಂದ್ರೆ ಬಂತು. ಆ ಕರಾವಳಿಯಲ್ಲಿ 3000ಕ್ಕೂ ಮೇಲೆ ಸುರೀತದೆ. ನಮ್ಮ ಪೆನ್ನಾ ನಂದಿಬೆಟ್ಟದ ಕಡೆ ಹುಟ್ಟಿ, ಹಿಂದೂಪುರದ ಸೀಮೆ ಹಾದು, ನೆಲ್ಲೂರು ಜಿಲ್ಲೆಯಲ್ಲಿ ಮೂಡಣ ಕಡಲು ಸೇರ್ತದೆ ಅಂತ ಪುಸ್ತಕದಲ್ಲಿ ಐತೆ. ನಮ್ಮ ಮಕ್ಕಳು ಕಂಡದ್ದು ಅದರ ಮರಳನ್ನ. ಕಲ್ಯಾಣದುರ್ಗದವರಿಗೆ ವೇದಾವತಿಯ ಕಥೆಯೂ ಅಷ್ಟೇ. ತುಂಬಿ ಹರಿಯೋ ಹೊಳೆ, ಅದು ಸೇರೋ ಕಡಲು, ಇವನ್ನ ಮಗು ಕಣ್ಣಾರೆ ಕಾಣಬೇಕು. ಕಾಣೋ ರೀತಿ ಯಾವುದು ಅನ್ನೋದೇ ನನ್ನ ಜಗಳ.

ರೈತರ ಮಾತಲ್ಲೇ ಹೇಳ್ತೀನಿ. ನಮ್ಮಲ್ಲಿ ಕಣ ಅಂದ್ರೆ ಏನು? ಸಗಣಿ ಸಾರಿಸಿ, ಪೂಜೆ ಮಾಡಿ, ರಾಶಿ ಹಾಕೋ ಜಾಗ. ಕೆರ ಮೆಟ್ಟಿಕೊಂಡು ಯಾರೂ ಕಣಕ್ಕೆ ಕಾಲಿಡಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತು. ಈಗ ಹೊನ್ನಾವರದ ಹತ್ತಿರ ಕಾಸರಕೋಡು ಟೊಂಕಕ್ಕೆ ಬನ್ನಿ. ಶರಾವತಿ ಕಡಲು ಸೇರೋ ಜಾಗ. ಅಲ್ಲಿಯ ಹೆಂಗಸರು ಮರಳ ಮೇಲೆ ಮೀನು ಹರಡಿ ಒಣಗಿಸ್ತಾರೆ. ಗಂಡಸರು ದೋಣಿ ಎಳೆದು ಬಲೆ ಹರವಿ ಹೊಲೀತಾರೆ. ಅವರಿಗೆ ಆ ದಂಡೆಯೇ ಕಣ. ನಾವು ಏನು ಮಾಡ್ತೀವಿ? ಮೂಗು ಮುಚ್ಚಿಕೊಂಡು "ಥೂ, ವಾಸನೆ" ಅಂತೀವಿ. ಬಲೆ ತುಳಿದು ಫೋಟೋ ತೆಗೆಸ್ಕೊತೀವಿ. ಚಿತ್ರಾನ್ನದ ತಟ್ಟೆ, ನೀರಿನ ಬಾಟಲಿ ಅಲ್ಲೇ ಬಿಸಾಕ್ತೀವಿ. ನಮ್ಮ ರಾಗಿ ಕಣಕ್ಕೆ ಯಾರೋ ಕಾರು ನುಗ್ಗಿಸಿ ಇದೇ ಕೆಲಸ ಮಾಡಿದ್ರೆ ಸುಮ್ನೆ ಬಿಡ್ತಿದ್ವಾ?

ಅದೇ ಕಾಸರಕೋಡಿನಲ್ಲಿ ಇನ್ನೊಂದು ದಂಡೆ ಐತೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ ಪ್ರಮಾಣಪತ್ರ ಪಡೆದದ್ದು. ಚೊಕ್ಕಟವಾಗಿ ಐತೆ, ಸಂತೋಷ. ನಮ್ಮ ಗಾಡಿಗಳು ಅಲ್ಲಿ ನಿಲ್ತವೆ. ಟೊಂಕದ ಮೀನುಗಾರರು ಖಾಸಗಿ ಬಂದರು ಯೋಜನೆ ಬೇಡ ಅಂತ ವರ್ಷಗಟ್ಟಲೆ ಹೋರಾಡ್ತಾ ಬಂದಿದ್ದು, ನಮ್ಮ ಮನೆ ನಮ್ಮ ಮರಳು ಉಳೀಲಿ ಅಂದದ್ದು, ಇದನ್ನ ಯಾವ ಟೂರಿನವನೂ ತೋರಿಸಲ್ಲ. ಹೊಲ ಹೋಗುತ್ತೆ ಅನ್ನೋ ಭಯ ಏನು ಅಂತ ರೈತನಿಗೆ ಬಿಡಿಸಿ ಹೇಳಬೇಕಾ? ಅಲ್ಲಿಗೆ ಹೋಗಿ ಇದೊಂದು ಕೇಳದೆ ಬಂದ್ರೆ ರೈತ ಏನು ನೋಡಿದಂಗಾಯ್ತು?

ಆ ಮರಳು ಮನುಷ್ಯರದ್ದೊಂದೇ ಅಲ್ಲ. ಚಳಿಗಾಲದಲ್ಲಿ ರಾತ್ರಿ ಹೊತ್ತು ಕಡಲಾಮೆ ಮೇಲಕ್ಕೆ ಬಂದು ಗುಂಡಿ ತೋಡಿ ನೂರರ ಹತ್ತಿರ ಮೊಟ್ಟೆ ಇಟ್ಟು ಹೋಗ್ತದೆ. ಮರಳಿನ ಶಾಖಕ್ಕೆ ಒಂದೂವರೆ ಎರಡು ತಿಂಗಳಲ್ಲಿ ಮರಿ ಹೊರಬೀಳ್ತವೆ. ಮರಿಗೆ ದಾರಿ ತೋರಿಸೋಕೆ ತಾಯಿ ಇರಲ್ಲ. ಕಡಲಿನ ಕಡೆಯ ಬೆಳಕೇ ದಾರಿ. ದಂಡೆಯ ಮೇಲೆ ನಾವು ಗಾಡಿಯ ದೀಪ ಹಾಕಿ, ಬೆಂಕಿ ಹಚ್ಚಿ, ಡಬ್ಬ ಬಡಿದು ಕುಣಿದ್ರೆ ಆ ಮರಿ ಕಡಲು ಬಿಟ್ಟು ನಮ್ಮ ದೀಪದ ಕಡೆ ಬರ್ತದೆ. ಬೆಳಗಾಗುವಾಗ ಕಾಗೆ, ನಾಯಿ ಪಾಲು. 1972ರ ವನ್ಯಜೀವಿ ಕಾಯ್ದೆ ಆಮೆಗೆ ಕಾವಲು ಐತೆ ನಿಜ. ಕತ್ತಲಲ್ಲಿ ಕಾಯ್ದೆ ಬಂದು ಸ್ವಿಚ್ ಆರಿಸ್ತದಾ? ನಾವೇ ಆರಿಸಬೇಕು.

ಕಡಲು ನಮ್ಮನ್ನೂ ಬಿಡಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಮುಳಬಾಗಿಲೂ ನಮ್ಮಂಥದೇ ಒಣ ಸೀಮೆ. ಕೆರೆ ಬತ್ತಿದ ಊರಿನ ಮಕ್ಕಳು. ಆ ಸುದ್ದಿ ಓದಿದ ದಿನ ನಮ್ಮೂರ ಭಜನೆಯಲ್ಲಿ ಯಾರಿಗೂ ದನಿ ಏಳಲಿಲ್ಲ. ಕೆರೆಯ ನೀರು ನಿಂತ ಕಡೆ ನಿಂತಿರ್ತದೆ. ಕಡಲಿನದು ಬೇರೆ ಲೆಕ್ಕ. ದಂಡೆಗೆ ಬಂದ ಅಲೆಯ ನೀರು ವಾಪಸು ಹೋಗೋಕೆ ಒಂದು ಓಣಿ ಮಾಡ್ಕೊಂಡಿರ್ತದೆ. ಮೇಲೆ ಅಲೆ ಕಮ್ಮಿ, ನೋಡೋಕೆ ತಣ್ಣಗೆ, ಒಳಗೆ ಎಳೆತ. ಅದು ಶಾಂತವಾಗೈತೆ ಅಂತ ನಮ್ಮವರು ಅಲ್ಲೇ ಇಳೀತಾರೆ. ಎಳೆತಕ್ಕೆ ಸಿಕ್ಕಿದವನು ದಡಕ್ಕೆ ಎದುರೀಜಿದ್ರೆ ಸೋಲ್ತಾನೆ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಓಣಿ ದಾಟಿದ ಮೇಲೆ ಒಳಗೆ ಬರಬೇಕು. ಈಜು ಬಾರದವನಿಗೆ ಮೊಣಕಾಲು ನೀರೇ ಗಡಿ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳೇ ಮೀನಿಗೆ ಹೋಗೋ ಹಂಗಿಲ್ಲ. ಆ ಕಡಲಿಗೆ ನಮ್ಮ ಹುಡುಗ್ರು ಚಡ್ಡಿ ಏರಿಸಿ ಇಳೀತಾರೆ, ಕಾವಲಿನವನು ಸೀಟಿ ಊದಿದ್ರೆ ಅವನಿಗೇ ಬೈತಾರೆ. ಇದು ಧೈರ್ಯ ಅಲ್ಲಪ್ಪಾ, ಹೆತ್ತವರ ಹೊಟ್ಟೆಗೆ ಬೆಂಕಿ.

ನೋಡಬೇಕಾದ್ದು ಏನೈತೆ ಅಂತ ಕೇಳಿ, ಹೇಳ್ತೀನಿ. ಕುಮಟಾದ ಹತ್ತಿರ ಅಘನಾಶಿನಿ ಹೊಳೆ ಕಡಲು ಸೇರ್ತದೆ. ಒಂದು ಅಣೆಕಟ್ಟೂ ಇಲ್ಲದೆ ಹರಿದು ಬರೋ ಹೊಳೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ. ಉಪ್ಪುನೀರು ನುಗ್ಗಿದ್ರೂ ಸಾಯಲ್ಲ, ನೆರೆಯಲ್ಲಿ ಮುಳುಗಿದ್ರೂ ತಲೆ ಎತ್ತುತ್ತದೆ. ತೆನೆ ಮಾತ್ರ ಕೊಯ್ದು ಹುಲ್ಲನ್ನ ನೀರಲ್ಲೇ ಬಿಡ್ತಾರೆ, ಅದು ಮೀನು ಸೀಗಡಿಗೆ ಮೇವು. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ! ಕೊಳವೆಬಾವಿಯ ನೀರು ಉಪ್ಪಾಯ್ತು, ನೆಲ ಚೌಳಾಯ್ತು ಅಂತ ಅಳೋ ನಮ್ಮ ರೈತರು ಆ ಗದ್ದೆಯ ಬದುವಿನ ಮೇಲೆ ಅರ್ಧ ದಿನ ಕೂರಬೇಡವಾ? ಗೋಕರ್ಣದ ಪಕ್ಕ ಸಾಣಿಕಟ್ಟೆಯಲ್ಲಿ ಕಡಲ ನೀರು ಬಿಸಿಲಿಗೆ ಉಪ್ಪಾಗೋದನ್ನ ಮಗುವಿಗೆ ತೋರಿಸಬೇಡವಾ? ಹೊನ್ನಾವರದ ಕಾಂಡ್ಲಾ ಕಾಡಿನಲ್ಲಿ ಮರದ ಹಲಗೆ ಹಾಸಿದ ದಾರಿ ಐತೆ. ಬೇರುಗಳು ಕೆಸರಿನ ಮೇಲೆ ಕೈಕಾಲು ಊರಿ ದಂಡೆಯನ್ನ ಹಿಡ್ಕೊಂಡಿರೋದನ್ನ ಅಲ್ಲಿ ನೋಡಬಹುದು. ಏಡಿ ಮೀನಿಗೆ ಅದೇ ತೊಟ್ಟಿಲು.

ಪದ ಹಾಡೋನಾಗಿ ಇನ್ನೊಂದು ಮಾತು. ಅಂಕೋಲಾದ ಬಡಿಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಅನ್ನೋ ಹಾಲಕ್ಕಿ ತಾಯಿ ಇದ್ರು. ಓದು ಬರಹ ಇಲ್ಲದ ಗಂಟಲಲ್ಲಿ ಒಂದು ಜನಾಂಗದ ಹಾಡನ್ನೆಲ್ಲಾ ಕಾಪಾಡಿದವರು. ಊರಿನ ಹೆಂಗಸರನ್ನ ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ಅಂಥ ತಾಯಿಯ ಸೀಮೆಗೆ ಹೋಗಿ ನಮ್ಮವರು ದಂಡೆ ಮೇಲೆ ಬಾಟಲಿ ಬಿಚ್ಚಿ, ಗಾಜು ಒಡೆದು ಮರಳಲ್ಲಿ ಹೂತು ಬರ್ತಾರೆ. ಮರುದಿನ ಅದು ಬಲೆ ಎಳೆಯೋನ ಅಂಗಾಲಿಗೆ.

"ದುಡ್ಡು ಕೊಟ್ಟಿದೀವಿ, ನಮ್ಮಿಂದಲೇ ಅವರ ಹೊಟ್ಟೆ ತುಂಬೋದು" ಅಂತಾರೆ. ಲೆಕ್ಕ ಹಾಕಿ ನೋಡಿ. ಗಾಡಿ ನಮ್ಮೂರಿನದು, ಅಡುಗೆಯವನು ನಮ್ಮವನು, ಅಕ್ಕಿ ಬೇಳೆ ಇಲ್ಲಿಂದಲೇ. ಅಲ್ಲಿ ಬಿಟ್ಟು ಬಂದದ್ದು ಕಸ ಒಂದೇ. ಮೀನು ಮಾರೋ ಅಮ್ಮನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಬೇರೆ. ಇನ್ನು ದುಡ್ಡು ಕೊಟ್ಟೋರ ಮಾತು: ಕೋಣೆಗೆ ಬಾಡಿಗೆ ಕೊಟ್ಟಿದೀರಿ, ಕಡಲಿಗೆ ಕೊಟ್ಟಿಲ್ಲ.

ನೆಂಟಸ್ತನ ಏನು ಅಂತ ಕಲಿಯೋಕೆ ನಾವು ದೂರ ಹೋಗಬೇಕಾಗಿಲ್ಲ. ಚಿಲಮತ್ತೂರು ಮಂಡಲದ ವೀರಾಪುರ ನಮ್ಮ ಹಿಂದೂಪುರದ ಪಕ್ಕದಲ್ಲೇ ಐತೆ. ವರ್ಷಾ ವರ್ಷಾ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡ್ತವೆ. ಮನೆ ಮುಂದೆ ಹಿಕ್ಕೆ ಬೀಳ್ತದೆ, ನಾತ ಹೊಡೀತದೆ. ಆದ್ರೂ ಊರವರು ಕಲ್ಲು ಬೀಸಲ್ಲ, ಬೀಸಿದವರನ್ನ ಬಿಡಲ್ಲ. ಅಲ್ಲಿಗೆ ಕರಾವಳಿಯವರು ಎರಡು ಬಸ್ಸು ಬಂದು, ಮರದ ಕೆಳಗೆ ಸ್ಪೀಕರ್ ಹಚ್ಚಿ ಕುಣಿದ್ರೆ ನಮಗೆ ಹೆಂಗಾಗ್ತದೆ? ಹಂಗೇ ಅವರಿಗೂ ಆಗ್ತದೆ.

ಆದ್ದರಿಂದ ಮುಂದಿನ ರಜೆಗೆ ಗಾಡಿ ಮಾತಾಡೋ ಮೊದಲು ಮನೆಯಲ್ಲಿ ಈ ಮಾತು ಆಗಲಿ. ಏಳು ಜಾಗ ಬೇಡ, ಒಂದೇ ಕಡೆ ಮೂರು ದಿನ ಇರಿ. ಮಳೆಗಾಲ ಬಿಟ್ಟು ಹೋಗಿ. ಊಟ ಅಲ್ಲಿಯ ಮನೆಯವರ ಕೈಯಲ್ಲಿ ಮಾಡಿಸಿ, ಕೇಳಿದಷ್ಟು ಕೊಡಿ. ನೀರಿಗೆ ಇಳಿಯೋ ಮೊದಲು ದೋಣಿಯವರನ್ನ ಕೇಳಿ, ಬೇಡ ಅಂದ್ರೆ ಬೇಡ. ರಾತ್ರಿ ದಂಡೆ ಮೇಲೆ ದೀಪ ಬೇಡ, ಪಾಟು ಬೇಡ. ಒಯ್ದ ಪ್ಲಾಸ್ಟಿಕ್ಕು ಗಾಡಿಯಲ್ಲೇ ವಾಪಸು ಬರಲಿ. ಗಾಡಿಯವನು ಇಷ್ಟಕ್ಕೆ ಒಪ್ಪಲ್ಲ ಅಂದ್ರೆ ಬೇರೆ ಗಾಡಿ ನೋಡಿ. ಅದೂ ಆಗದಿದ್ರೆ ಮಕ್ಕಳನ್ನ ವೀರಾಪುರಕ್ಕೆ ನಡೆಸಿಕೊಂಡು ಹೋಗಿ, ಹುಣಸೆ ಮರದ ಕೆಳಗೆ ಸದ್ದು ಮಾಡದೆ ಕೂರೋದನ್ನ ಮೊದಲು ಕಲಿಸಿ. ಅದನ್ನ ಕಲಿತ ಮಗು ಕಡಲಿಗೆ ಹೋದಾಗ ಕೆರ ಎಲ್ಲಿ ಬಿಡಬೇಕು ಅಂತ ತಾನೇ ಕೇಳ್ತದೆ.