ಮೊಟ್ಟೆ ಹೇಳಿದ ಪಾಠ

ಹೋದ ವರ್ಷ ನೆಂಟರ ಮನೆಯ ಸೀಮಂತದಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ಕುಳಿತಿದ್ದಾಗ ಮಾತು ನನ್ನ ತಂಗಿಯ ಮಗಳ ಕಡೆಗೆ ತಿರುಗಿತು. ಅವಳು ಎಂ.ಎಸ್ಸಿ.ಗೆ ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದಾಳೆ. "ಹೆಣ್ಣು ಹುಡುಗಿ, ಮಾಂಸದ ಚೂರು, ಮೊಟ್ಟೆಯೊಳಗಿನ ಪಿಂಡ ನೋಡಿಕೊಂಡು ಕೂತರೆ ಏನು ಬಂತು? ಬಿ.ಎಡ್. ಮಾಡಿಸಿದ್ದರೆ ನಿನ್ನ ಹಾಗೆ ಎಲ್ಲಾದರೂ ಸೇರಿಕೊಳ್ಳುತ್ತಿದ್ದಳು" ಎಂದರು ನಮ್ಮ ಸೋದರತ್ತೆ. ಅದೇ ಗಳಿಗೆಯಲ್ಲಿ ಇನ್ನೊಬ್ಬರು ಬಸುರಿ ಹುಡುಗಿಗೆ ಬುದ್ಧಿ ಹೇಳುತ್ತಿದ್ದರು: "ಗ್ರಹಣದ ದಿನ ಚಾಕು ಮುಟ್ಟಬೇಡಮ್ಮ, ಮಗುವಿನ ತುಟಿ ಸೀಳುತ್ತೆ. ಮೊದಲನೆಯದು ಗಂಡಾಗಲಿ, ನಿಮ್ಮತ್ತೆಗೆ ಸಮಾಧಾನ ಕೊಡು."

ಶುಭಕಾರ್ಯದ ಮನೆಯೆಂದು ಅಲ್ಲಿ ಬಾಯಿ ಮುಚ್ಚಿಕೊಂಡೆ. ಇಲ್ಲಿ ಮುಚ್ಚಿಕೊಳ್ಳಲಾರೆ.

ನಾನು ಬಿ.ಎ., ಬಿ.ಎಡ್. ಓದಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ವಿಜ್ಞಾನ ನನಗೆ ದೂರದ ನೆಂಟು. ಆದರೆ ಹುಡುಗಿ ರಜೆಗೆ ಬಂದಾಗಲೆಲ್ಲ ಅವಳ ರೆಕಾರ್ಡ್ ಪುಸ್ತಕ ತಿರುವಿ ಹಾಕುವುದು ನನ್ನ ಚಟ. ಪುಟದ ತುಂಬ ಗುಲಾಬಿ, ನೇರಳೆ ಬಣ್ಣದ ಚಿತ್ರಗಳು. ನನಗೆ ಸೀರೆಯ ಬುಟ್ಟಾ ಇದ್ದ ಹಾಗೆ ಕಂಡಿತು. "ಇದು ಕರುಳಿನ ಒಳಪದರ, ದೊಡ್ಡಮ್ಮ" ಎಂದು ನಕ್ಕಳು. ಅಂಗಾಂಶದ ಚೂರನ್ನು ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿಗೆ 200 ಪದರ ಬರುವಷ್ಟು ತೆಳ್ಳಗೆ ಯಂತ್ರದಲ್ಲಿ ಹೆಚ್ಚುತ್ತಾರಂತೆ. ಮರದ ತಿರುಳಿನಿಂದ ತೆಗೆದ ಹಿಮಟಾಕ್ಸಿಲಿನ್ ಬಣ್ಣ ಕೋಶಕೇಂದ್ರಕ್ಕೆ ನೇರಳೆ ಹಿಡಿಸುತ್ತದೆ, ಇಯೋಸಿನ್ ಸುತ್ತಲಿನದಕ್ಕೆ ಗುಲಾಬಿ ಕೊಡುತ್ತದೆ. ನಮ್ಮಲ್ಲೊಬ್ಬಳ ಎದೆಯ ಗಂಟನ್ನು ಬಯಾಪ್ಸಿಗೆ ಕಳಿಸಿದಾಗ ಅದು ಕ್ಯಾನ್ಸರೋ ಅಲ್ಲವೋ ಎಂದು ನೋಡುವುದೂ ಇದೇ ಎರಡು ಬಣ್ಣಗಳಲ್ಲಿ. "ಮಾಂಸದ ಚೂರು" ಎಂದವರಿಗೆ ಇಷ್ಟು ಉತ್ತರ ಸಾಕು.

ಇನ್ನೊಂದು ಪುಸ್ತಕದ ತುಂಬ ಕೋಳಿಮೊಟ್ಟೆ. ಕಾವು ಕೊಟ್ಟ 24 ಗಂಟೆ, 33 ಗಂಟೆ, 48, 72 ಎಂದು ಗಂಟೆಯ ಲೆಕ್ಕದಲ್ಲಿ ಪಿಂಡದ ಚಿತ್ರಗಳು. ಮರಿ ಹೊರಬರಲು 21 ದಿನ ಬೇಕು. ಹೃದಯ ಬಡಿಯತೊಡಗುವುದು ಎರಡನೆಯ ದಿನವೇ. ರೆಕ್ಕೆಯಿಲ್ಲ, ಕೊಕ್ಕಿಲ್ಲ, ಕಾಲಿಲ್ಲ, ಮಿಡಿತ ಮಾತ್ರ ಇದೆ.

ಆ ಚಿತ್ರ ತೋರಿಸುತ್ತ ಅವಳೆಂದಳು: "ಕೋಳಿಯಲ್ಲಿ ಮರಿ ಹೆಣ್ಣೋ ಗಂಡೋ ಎಂಬುದು ತಾಯಿಯ ಮೊಟ್ಟೆಯಿಂದ ತೀರ್ಮಾನವಾಗುತ್ತೆ, ದೊಡ್ಡಮ್ಮ. ಮನುಷ್ಯರಲ್ಲಿ ತಂದೆಯ ವೀರ್ಯಾಣುವಿನಿಂದ." ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು.

ನನಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದಾಗ ಅತ್ತೆಮನೆಯಿಂದ ಒಬ್ಬರೂ ಮಗುವನ್ನು ನೋಡಲು ಬರಲಿಲ್ಲ. ನಾನೂ ಅಪರಾಧ ಮಾಡಿದವಳ ಹಾಗೆ ತಲೆ ತಗ್ಗಿಸಿದೆ. ಎರಡು ಡಿಗ್ರಿ ಇದ್ದವು. ಈ ಒಂದು ವಾಕ್ಯ ಇರಲಿಲ್ಲ. ಅವರ ನ್ಯಾಯ ಕೋಳಿಗೆ ಸರಿ, ನನಗಲ್ಲ ಎಂದು ತಿಳಿಯಲು ನನಗೆ ಐವತ್ತು ದಾಟಬೇಕಾಯಿತು.

ಇದೇನು ನಿನ್ನೆ ಮೊನ್ನೆಯ ಸುದ್ದಿಯಲ್ಲ. 1905ರಲ್ಲೇ ಅಮೆರಿಕದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳ ಕೋಶಗಳನ್ನು ಪರೀಕ್ಷಿಸಿ, ಗಂಡು ಹುಳುವಿನ ಅರ್ಧದಷ್ಟು ವೀರ್ಯಾಣುಗಳಲ್ಲಿ ಒಂದು ಪುಟ್ಟ ವರ್ಣತಂತು ಇರುವುದನ್ನೂ, ಗಂಡು ಸಂತಾನ ಅದರಿಂದಲೇ ಆಗುವುದನ್ನೂ ತೋರಿಸಿದಳು. ಮನುಷ್ಯರಲ್ಲೂ ತಂದೆಯ ಪುಟ್ಟ ವರ್ಣತಂತುವಿನದೇ ತೀರ್ಮಾನವೆಂದು ಮುಂದೆ ಗೊತ್ತಾಯಿತು. ಆಕೆಯೂ ಮೊದಲು ಶಾಲೆಯಲ್ಲಿ ಪಾಠ ಹೇಳಿದವಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ್ದು 35ರ ವಯಸ್ಸಿನಲ್ಲಿ.

ಇನ್ನು ಗ್ರಹಣದ ಚಾಕು. ಮಗುವಿನ ಮೇಲ್ದುಟಿ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಎರಡು ಪಕ್ಕದ ಭಾಗಗಳು ನಡುವಿನ ಭಾಗಕ್ಕೆ ಬಂದು ಬೆಸೆದುಕೊಳ್ಳುತ್ತವೆ. ಈ ಬೆಸುಗೆ ನಡೆಯುವುದು ಎರಡನೆಯ ತಿಂಗಳಲ್ಲಿ. ನಾವು ಚಾಕು ಕಿತ್ತುಕೊಂಡದ್ದು ಏಳನೆಯ ತಿಂಗಳಲ್ಲಿ! ತುಟಿ ಕೂಡಿಯೋ ಕೂಡದೆಯೋ ಐದು ತಿಂಗಳಾದ ಮೇಲೆ ಸೌತೆಕಾಯಿಯನ್ನು ಬೈದರೆ ಏನು ಬಂತು? ಮಗುವಿನ ತುಟಿ ಸೀಳಿದ್ದರೆ ಮಾತ್ರ ಜನ್ಮವಿಡೀ "ನೀನೇ ಏನೋ ಕತ್ತರಿಸಿದ್ದೆ" ಎಂದು ತಾಯಿಯನ್ನು ಹಂಗಿಸುತ್ತೇವೆ.

ನಿಜವಾಗಿ ಎಚ್ಚರ ಬೇಕಾದ ಹೊತ್ತು ಬೇರೆಯೇ ಇದೆ. ಮೆದುಳು, ಬೆನ್ನುಹುರಿ ಆಗಬೇಕಾದ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಬಸುರಾದದ್ದೇ ಆಗ ಗೊತ್ತಿರುವುದಿಲ್ಲ. ಹಿಂದೆ ಇಂಥ ತೊಂದರೆಯ ಮಗುವನ್ನು ಹೆತ್ತ ತಾಯಂದಿರಿಗೆ ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ, ಮತ್ತೆ ಹಾಗಾಗುವ ಸಂಭವ ಶೇ. 72ರಷ್ಟು ಇಳಿಯುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಮದುವೆಯಾದ ಹುಡುಗಿಗೆ ನಾವು ಸಾವಿರ ಕಟ್ಟುಪಾಡು ಹೇಳುತ್ತೇವೆ. ಈ ಗುಳಿಗೆಯ ವಿಷಯ ಡಾಕ್ಟರನ್ನು ಕೇಳು ಎಂದು ಹೇಳಿದ್ದೇವೆಯೇ?

ಪ್ರಾಣಿ ಕೊಲ್ಲುವ ಓದು ಎನ್ನುತ್ತೀರಾ? ಆ ಸಂಕಟ ನನಗೂ ಇತ್ತು. ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳನ್ನು ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವೇ 2014ರಲ್ಲಿ ಕಾಲೇಜುಗಳಿಗೆ ಹೇಳಿತು. ಕೆಲಸ ಸಿಗುತ್ತದೆಯೇ? ಎಲ್ಲರಿಗೂ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಆದರೆ ಮಕ್ಕಳಾಗದವಳನ್ನು ಅರಳಿಮರ ಸುತ್ತಿಸಿ, ಕೊನೆಗೆ ಲಕ್ಷ ಸುರಿದು ಕರೆದೊಯ್ಯುತ್ತೀರಲ್ಲ, ಆ ಚಿಕಿತ್ಸಾ ಕೇಂದ್ರಗಳಲ್ಲಿ ಗಾಜಿನ ತಟ್ಟೆಯೊಳಗೆ ಪಿಂಡವನ್ನು ಜೋಪಾನ ಮಾಡುವವರು ಈ ಓದು ಓದಿದವರೇ.

ನನ್ನ ಸಿಟ್ಟು ಓದಿಸದವರ ಮೇಲೆ ಮಾತ್ರವಲ್ಲ, ಓದಿಯೂ ಸುಮ್ಮನಿರುವವರ ಮೇಲೂ. ಆ ಸೀಮಂತದ ಮನೆಯಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮಾಡಿದ ಸೊಸೆಯರು ಇಬ್ಬರಿದ್ದರು. 33 ಗಂಟೆಯ ಪಿಂಡದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಗಳಿಸಿದವರು. ಚಾಕುವಿನ ಮಾತಿಗೆ ಅವರೂ ತಲೆಯಾಡಿಸಿದರು. ಅವರನ್ನಷ್ಟೇ ಅಂದು ಫಲವಿಲ್ಲ. ಕಾಲೇಜು ಪಿಂಡವನ್ನು ಪರೀಕ್ಷೆಗೆಂದು ಕಲಿಸಿತು. ಓದುವವಳ ಬದುಕಿಗೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿಕೊಡಲಿಲ್ಲ. ಅಂದು ಬಾಯಿ ಮುಚ್ಚಿಕೊಂಡ ನಾನಾದರೂ ಅವರಿಗಿಂತ ಏನು ಹೆಚ್ಚು?

ಈ ಬೇಸಿಗೆಯಲ್ಲಿ ನಮ್ಮ ಮನೆತನದಲ್ಲಿ ಎರಡು ಮದುವೆಗಳಿವೆ. ತಂಗಿಯ ಮಗಳನ್ನು ಕರೆದುಕೊಂಡೇ ಹೋಗುತ್ತೇನೆ. ಮದುಮಗಳ ಪಕ್ಕದಲ್ಲಿ ಕೂರಿಸಿ ಮಾತನಾಡಿಸುತ್ತೇನೆ. ಸೋದರತ್ತೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಸೀಮಂತದ ತನಕ ಕಾದರೆ ಹೇಳಬೇಕಾದ ಹೊತ್ತು ಮೀರಿರುತ್ತದೆ.