ಹಳೇ ಪಿಕಪ್ ಕಳಿಸಬೇಕಾದ್ದು ಗ್ಯಾರೇಜಿಗೆ, ಗುಜರಿಗಲ್ಲ

'ಹತ್ತು ವರ್ಷ ಆದ ಡೀಸೆಲ್ ಗಾಡಿ ಬಂದ್ ಅಂತೆ' ಅನ್ನೋ ಮಾತು ನಮ್ಮ ಸಾಲಿಗ್ರಾಮದ ಕಡೆಗೂ ಬಂದಿದೆ. ಅದು ದೆಹಲಿ ಸುತ್ತಮುತ್ತಲಿನ ಕಥೆ. 2015ರ ಹಸಿರು ನ್ಯಾಯಮಂಡಳಿ ಆದೇಶದಿಂದ ಶುರುವಾದದ್ದು. ನಮ್ಮಲ್ಲಿ ಬೇಕಾದ್ದು ಎಫ್‌ಸಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ.

ಮತ್ತೆ ಹಳೇ ಟಾಟಾ 207ನ್ನು ಗುಜರಿ ರೇಟಿಗೆ ಕೊಟ್ಟು ಹೊಸ ಸಾಲಕ್ಕೆ ಸಹಿ ಹಾಕೋದ್ಯಾಕೆ? ಭತ್ತದ ದುಡ್ಡು ಕೈಗೆ ಬರೋದು ಸುಗ್ಗಿಯಲ್ಲಿ. ಕಂತು ಬರೋದು ತಿಂಗಳು ತಿಂಗಳು.

ಮೆಕ್ಯಾನಿಕಲ್ ಪಂಪಿನ ಇಂಜಿನ್‌ಗೆ ಕಂಪ್ಯೂಟರ್ ಬೇಡ, ಆರೈಕೆ ಬೇಕು. ಆಯಿಲ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರು ಬಿಡಿ. ನಾಝಲ್ ಚೆಕ್ ಮಾಡಿಸಿ. ಕಾಸು ಉಳಿದರೆ ಮೊದಲು ಬ್ರೇಕ್ ಲೈನರ್, ಟೈರು. ಆಮೇಲೆ ಹೆಡ್‌ಲೈಟಿಗೆ ರಿಲೇ ಹಾಕಿಸಿ. ಹಾರನ್ನು, ಸ್ಟಿಕ್ಕರು ಕಾಯಲಿ.

ಮಾಲೀಕರಿಗೂ ಒಂದು ಮಾತು. ಎಳೆತ ಜಾಸ್ತಿ ಬರಲಿ ಅಂತ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿದರೆ ಪೂರ್ತಿ ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಶಾಲೆಗೆ ಹೋಗೋ ಮಕ್ಕಳ ಮೂಗಿಗೇ ಹೋಗುತ್ತೆ. ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸಿದರೆ ಲೋಡು ಹೆಚ್ಚುತ್ತೆ, ಬ್ರೇಕ್ ಹೆಚ್ಚಲ್ಲ. ಅಂಥ ಗಾಡಿ ಪರವಾಗಿ ನಾವು ಬರೆಯಲ್ಲ. ನ್ಯಾಯವಾಗಿ ಎಫ್‌ಸಿ ಪಾಸಾಗೋ ಗಾಡಿಯನ್ನು ಮಾತ್ರ ಗಾಳಿಸುದ್ದಿಗೆ ಹೆದರಿ ಮಾರಬೇಡಿ.